ಏಳನೇ ಡಬ್ಬಿ

ಲಕ್ಷ್ಮಣಪ್ಪ ಜೋಳದ ಗಡಿಗೆಯೊಳಗೆ ಮೊಣಕೈವರೆಗೆ ಕೈ ಇಳಿಸಿ ತಡಕಾಡುತ್ತಿದ್ದ. ಗೋಡೆಯ ಆಚೆ, ಪಡಸಾಲೆಯಲ್ಲಿ, ಅವನ ತಾಯಿ ಸಾವಂತ್ರೆವ್ವನ ಹೆಣವಿತ್ತು. ಟ್ರಂಕು ಬುಡಮೇಲಾಗಿತ್ತು. ಹಾಸಿಗೆಯ ಸುರುಳಿ ಬಿಚ್ಚಿತ್ತು. ದೇವರ ಜಗಲಿಯ ಹಿಂದೆಯೂ ಅವನು ಕೈಯಾಡಿಸಿದ್ದ. ತಂಗಿ ರೇಣುಕವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವನ ಬೆನ್ನನ್ನೇ ನೋಡುತ್ತಿದ್ದಳು.

"ಏನ ಹುಡಕತಿ ಅಣ್ಣಾ?"

"ನಿನಗ ಗೊತ್ತೈತಿ." ಅವನು ಕೈ ಹೊರಗೆ ತೆಗೆದು ಕಾಳು ಕೊಡವಿದ. "ಆ ಕಾಗದ ಇದ್ರ ತಂದುಕೊಡು ಅಂತ ಸಾಹೇಬರು ನಿನ್ನೆ ಸಂಜಿಗೇ ಹೇಳಿದ್ರು."

"ಅವ್ವ ಹ್ವಾದದ್ದು ಇವತ್ತ ನಸುಕಿನ್ಯಾಗ. ಅವರಿಗೆ ನಿನ್ನೇನs ಗೊತ್ತಾತೇನು?"

ಅವನು ಗಡಿಗೆಯ ಬಾಯಿ ಮುಚ್ಚಿದ. ಸಂಶಿಯಲ್ಲಿ ಖಾಸಗಿ ದವಾಖಾನೆ ನಡೆಸುವ ಮಡಿವಾಳೆಪ್ಪ ಡಾಕ್ಟರ ಜೀಪು ಓಡಿಸುವುದು ಅವನ ಕೆಲಸ. ನಾಲ್ಕು ವರ್ಷದ ಹಿಂದಿನವರೆಗೆ ತಾಯಿಯೂ ಅದೇ ದವಾಖಾನೆಯಲ್ಲಿದ್ದಳು. ಈಗ ಡಾಕ್ಟರನ್ನು ಅವಳ ಮಣ್ಣಿಗೆ ಕರೆತರಲು ಅವನೇ ಯರಗುಪ್ಪಿಯಿಂದ ಸಂಶಿಗೆ ಹೊರಟಿದ್ದ. ಹೊರಡುವಾಗ ದನಿ ತಗ್ಗಿಸಿ, ಹೋದಾಕಿ ಹೋದಳು, ಇದ್ದವರು ಉಣ್ಣಬೇಕು ಅಂದ. ಸಾಹೇಬರು ನಿನಗೂ ಆಯಾ ಕೆಲಸ ಕೊಡ್ತೀನಿ ಅಂದಾರ ಅಂದ. ಕಾಗದ ಸಿಕ್ಕರೆ ಎಲ್ಲರಿಗೂ ಒಳ್ಳೆಯದು ಅಂದ.

ಜೀಪಿನ ಸದ್ದು ಓಣಿ ದಾಟಿ ಹೋಗುವವರೆಗೆ ರೇಣುಕವ್ವ ಕದಲಲಿಲ್ಲ. ಆಮೇಲೆ ಸೊಂಟಕ್ಕೆ ಕೈ ಒತ್ತಿ ನೋಡಿಕೊಂಡಳು. ಸೀರೆಯ ನೆರಿಗೆಯ ಒಳಗೆ, ಹಳೇ ಬಟ್ಟೆಯಲ್ಲಿ ಸುತ್ತಿ ಕಟ್ಟಿದ್ದ ಸುರುಳಿ ಇದ್ದಲ್ಲೇ ಇತ್ತು.

* * *

ಸಾವಂತ್ರೆವ್ವ ಆ ದವಾಖಾನೆಗೆ ಕಸ ಹೊಡೆಯಲು ಸೇರಿದವಳು. ಆಮೇಲೆ ಆಪರೇಶನ್ ಕೋಣೆಯ ಕತ್ತರಿ, ಇಕ್ಕಳ ತೊಳೆದು ಸ್ಟೋವಿನ ಮೇಲೆ ಕುದಿಸುವ ಕೆಲಸ ಬಂತು. ಎಂಬತ್ತೆರಡರಲ್ಲಿ ಪುಣೆಯಿಂದ ಹೊಸ ಮಷೀನು ಬಂತು. ಎಂಟು ಸ್ಟೀಲ್ ಡಬ್ಬಿಗಳು, ಒಂದೊಂದಕ್ಕೂ ನಂಬರು. ಒಂದು ಡಬ್ಬಿಯಲ್ಲಿ ಒಂದು ಆಪರೇಶನ್ನಿಗೆ ಬೇಕಾದ ಸಾಮಾನು. ಮಷೀನಿನ ಮಗ್ಗುಲಿಗೆ ಒಂದು ಎಲೆಕ್ಟ್ರಾನಿಕ್ ಪೆಟ್ಟಿಗೆ. ಡಬ್ಬಿ ಒಳಗೆ ಹೋಗುವಾಗ ಅದರ ನಂಬರಿನ ಗುಂಡಿ ಒತ್ತಬೇಕು, ಹೊರಗೆ ಬರುವಾಗ ಮತ್ತೆ ಒತ್ತಬೇಕು. ಪೆಟ್ಟಿಗೆಯಿಂದ ಹೊರಬರುವ ಕಾಗದದ ಪಟ್ಟಿಯ ಮೇಲೆ ನಂಬರು, ತಾರೀಖು, ತಾಸು ಮೂಡುತ್ತಿದ್ದವು. ಅವುಗಳ ಬದಿಗೇ ಒಂದು ಸೂಜಿ ಒಳಗಿನ ಕಾವನ್ನು ಗೆರೆಯಾಗಿ ಎಳೆಯುತ್ತಿತ್ತು. ಕಾವು ಏರಿದರೆ ಗೆರೆ ಏರುವುದು. ಆರಿದರೆ ಇಳಿಯುವುದು.

ಸಾವಂತ್ರೆವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಅಂಕಿಗಳನ್ನು ಅವಳು ಕಲಿತದ್ದು ಆ ಗುಂಡಿಗಳಿಂದಲೇ. ಗೆರೆಯನ್ನು ಓದುವುದಕ್ಕೆ ಅವಳಿಗೆ ಯಾರ ಸಹಾಯವೂ ಬೇಕಿರಲಿಲ್ಲ. "ಗುಡ್ಡ ಎದ್ದಿದ್ರ ಕಾಸಿದ್ದು, ಸಪಾಟ ಇದ್ರ ಹಸೀದು" ಎಂದು ಮನೆಯಲ್ಲಿ ಹೇಳುತ್ತಿದ್ದಳು. ಡಬ್ಬಿ ತೆರೆಯುವ ಮುಂಚೆ ತಾವು ಪಟ್ಟಿ ನೋಡಿ ಸಹಿ ಹಾಕಬೇಕು ಎಂಬ ನಿಯಮವನ್ನು ಡಾಕ್ಟರೇ ಮಾಡಿದ್ದರು. ಹೊಸ ಮಷೀನು ನೋಡಲು ಹುಬ್ಬಳ್ಳಿಯಿಂದ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. ಅವರ ಸಹಿಗೆ ಚೇಳಿನಂತೆ ಮೇಲೆ ಬಾಗಿದ ಬಾಲವಿತ್ತು. ಔಷಧದ ಚೀಟಿಗಳ ಮೇಲೆ ಸುತ್ತಲ ಹಳ್ಳಿಗಳವರೆಲ್ಲ ಆ ಬಾಲ ನೋಡಿದ್ದರು.

ಓಣಿಯ ಹೆಂಗಸರು ಅವಳನ್ನು ಡಬ್ಬಿ ಸಾವಂತ್ರೆವ್ವ ಎಂದು ಆಡಿಕೊಳ್ಳುತ್ತಿದ್ದರು. ಎರವಲು ಕೊಟ್ಟ ಸೌಟು ವಾಪಸು ಬಂದರೆ ಕುದಿನೀರು ಹೊಯ್ಯದೆ ಒಳಗೆ ತಂದುಕೊಳ್ಳುತ್ತಿರಲಿಲ್ಲ. ತನ್ನ ಮದುವೆಯ ನಿಬ್ಬಣದವರ ಚರಿಗೆಗಳಿಗೂ ಅವ್ವ ಕುದಿನೀರು ಹೊಯ್ದದ್ದು ರೇಣುಕವ್ವನಿಗೆ ಇನ್ನೂ ನೆನಪಿತ್ತು. ಬೀಗರು ಒಂದು ವರ್ಷ ಆ ಮಾತು ತೆಗೆದು ನಕ್ಕಿದ್ದರು.

* * *

ಮೀಯಿಸಿದ ಹೆಣವನ್ನು ಅಂಗಳದಲ್ಲಿ, ಚಪ್ಪರದ ಕೆಳಗೆ ಮಲಗಿಸಿದರು. ಹಿಂದಿನ ದಿನ ಮಳೆಯಾಗಿ ಓಣಿಯೆಲ್ಲ ಎರೆ ಕೆಸರು. ಹೆಂಗಸರು ಗೋಣಿಚೀಲ ಹಾಸಿ ಕುಳಿತರು. ಆದರೆ ಯಾರೂ ಹಾಡಿ ಅಳಲಿಲ್ಲ. ಅತ್ತರೆ ಸೆರಗಿನಲ್ಲಿ, ಸದ್ದಿಲ್ಲದೆ.

ನೆರೆಮನೆಯ ಮುದುಕಿ ಹನಮವ್ವ ರೇಣುಕವ್ವನ ಕಿವಿಯ ಹತ್ತಿರ ಬಾಗಿದಳು. "ಹಾಡಾಕಿ ಇಲ್ಲದ ಹೆಣ ಆತಲ್ಲ ಬೇ ನಿಮ್ಮವ್ವಂದು. ಆಕಿ ಅಂತೂ ಬರಂಗಿಲ್ಲ."

ಆಕಿ ಅಂದರೆ ಎದುರುಮನೆಯ ಬಸವಣ್ಣೆವ್ವ. ಯರಗುಪ್ಪಿಯಲ್ಲಿ ಯಾರೇ ಸತ್ತರೂ ತಲೆದೆಸೆಯಲ್ಲಿ ಕುಳಿತು, ಸತ್ತವರ ಬದುಕನ್ನು ಸಾಲು ಸಾಲಾಗಿ ಹಾಡಿ ಅಳುವವಳು ಅವಳು. ಅವಳು ಸೊಲ್ಲು ಎತ್ತಿದರೆ ಉಳಿದವರ ಬಾಯಿ ಬಿಚ್ಚುತ್ತಿತ್ತು. ನಾಲ್ಕು ವರ್ಷದಿಂದ ಅವಳು ಈ ಮನೆಯ ಕಡೆ ಮುಖ ಮಾಡಿರಲಿಲ್ಲ. ನಿನ್ನ ಹೆಣದ ಮುಂದ ನಾ ಬಾಯಿ ತೆರೆಯಂಗಿಲ್ಲ ಎಂದು ಸಾವಂತ್ರೆವ್ವನ ಮುಖಕ್ಕೇ ಆಣೆ ಮಾಡಿದ್ದಳು.

ಸಂಶಿಗೆ ಹೋಗಿ ಬರಲು ಲಕ್ಷ್ಮಣಪ್ಪನಿಗೆ ತಾಸೊಪ್ಪತ್ತು ಬೇಕು. ರೇಣುಕವ್ವ ಎದ್ದಳು.

* * *

ಎಂಬತ್ಮೂರರ ಫೆಬ್ರವರಿಯಲ್ಲಿ ದವಾಖಾನೆಯಲ್ಲಿ ಸಂತಾನಹರಣ ಆಪರೇಶನ್ನಿನ ಕ್ಯಾಂಪು ನಡೆಯಿತು. ನಲವತ್ತು ಹೆಂಗಸರು. ಅವರಲ್ಲಿ ಒಂಬತ್ತು ಮಂದಿ ಇದೇ ಓಣಿಯವರು, ಸಾಲಿನಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತವರು. ಮಧ್ಯಾಹ್ನ ಎರಡಕ್ಕೆ ಧಾರವಾಡದಿಂದ ದೊಡ್ಡ ಅಧಿಕಾರಿ ಬರುವವರಿದ್ದರು. ಅಷ್ಟರಲ್ಲಿ ನಲವತ್ತೂ ಮುಗಿದಿರಬೇಕು.

ಬೆಳಿಗ್ಗೆ ಎಂಟೂ ಡಬ್ಬಿ ಕಾಸಿ ತೆಗೆದಳು ಸಾವಂತ್ರೆವ್ವ. ಮೊದಲ ಎಂಟು ಮಂದಿಗೆ ಸಾಮಾನು ಆಯಿತು. ಮತ್ತೆ ಕಾಸಲು ಮುಕ್ಕಾಲು ತಾಸು ಬೇಕು ಅಂದಾಗ ಡಾಕ್ಟರು ಗಡಿಯಾರ ನೋಡಿದರು. ತೊಳೆದು ಸ್ಪಿರಿಟ್ಟಿನಲ್ಲಿ ಅದ್ದಿ ಕೊಡು ಅಂದರು.

"ಮಷೀನಿನ್ಯಾಗ ಇಡದ ತೆಗದ್ರ ಗೆರಿ ಏಳಂಗಿಲ್ರಿ ಸಾಹೇಬ್ರ."

"ಗೆರಿ ಕಟಗೊಂಡು ನಿನಗೇನ ಮಾಡೂದೈತಿ? ಗುಂಡಿ ಒತ್ತು, ಕೊಡು."

ಅವಳು ಗುಂಡಿ ಒತ್ತಿದಳು. ತಣ್ಣಗಿನ ಮಷೀನಿನ ಸೂಜಿ ಅಲುಗಲಿಲ್ಲ. ಸಪಾಟ ಗೆರೆಯ ಬದಿಗೆ ಒಂದರಿಂದ ಎಂಟರವರೆಗೆ ನಂಬರು ಬಿದ್ದವು. ಅವಳು ಪಟ್ಟಿಯನ್ನು ಡಾಕ್ಟರ ಮುಂದೆ ಹಿಡಿದು ನಿಂತಳು. ಸಹಿ ಇಲ್ಲದೆ ಡಬ್ಬಿ ತೆಗೆಯುವುದಿಲ್ಲ ಅಂದಳು. ನಿಯಮ ಅವರದೇ. ಅವರು ಕೈಗವಸು ಬದಲಿಸುವ ನಡುವೆ ನಕ್ಕು ಸಹಿ ಗೀಚಿದರು. ಹಾಗೆ ಇನ್ನೂ ಮೂರು ಸುತ್ತು. ಸಪಾಟ ಗೆರೆಯ ಮೇಲೆ ನಾಲ್ಕು ಚೇಳು.

ವಾರದೊಳಗೆ ಐದು ಮಂದಿಗೆ ಜ್ವರ ಬಂತು. ಬಸವಣ್ಣೆವ್ವನ ಒಬ್ಬಳೇ ಮಗಳು ಶಾರದವ್ವ, ಎರಡು ಮಕ್ಕಳ ತಾಯಿ, ಹೊಟ್ಟೆ ಬಾತು ಹನ್ನೊಂದನೆಯ ದಿನ ಸತ್ತಳು. ವಿಚಾರಣೆಗೆ ಬಂದವರ ಮುಂದೆ ಡಾಕ್ಟರು ಮೆಲ್ಲಗೆ ಮಾತಾಡಿದರು. ಸಾಮಾನು ಕಾಸುವ ಹೆಂಗಸು ಅಂದು ಮಷೀನು ಹಚ್ಚಿರಲಿಲ್ಲ, ಹೆದರಿ ಆ ದಿನದ ಕಾಗದವನ್ನೂ ಹರಿದು ಒಗೆದಿದ್ದಾಳೆ ಅಂದರು. ಅದಕ್ಕೂ ಮುಂಚೆ ವರಾಂಡದಲ್ಲಿ ಸಾವಂತ್ರೆವ್ವನಿಗೆ ಹೇಳಿದ್ದರು, ಜೀಪಿಗೆ ಒಬ್ಬ ಡ್ರೈವರು ಬೇಕು, ನಿನ್ನ ಮಗ ಖಾಲಿ ಇದ್ದಾನಲ್ಲ.

ಅವಳು ಬಾಯಿ ತೆರೆಯಲಿಲ್ಲ. ಕೆಲಸ ಹೋಯಿತು. ಮಾರನೆಯ ತಿಂಗಳು ಲಕ್ಷ್ಮಣಪ್ಪ ಜೀಪು ಹತ್ತಿದ. ಸಾವಂತ್ರೆವ್ವ ಕಂಡವರ ಹೊಲದಲ್ಲಿ ಕಳೆ ತೆಗೆದಳು. ದಿನಾ ಬೆಳಿಗ್ಗೆ ಬಸವಣ್ಣೆವ್ವ ಅಂಗಳ ಗುಡಿಸುತ್ತ, ಕೈ ಸೇದಿಹೋಗಲಿ ನಿಂದು ಎಂದು ಶಪಿಸುವಾಗ ಒಳಗಿನಿಂದ ಕದ ಹಾಕಿಕೊಳ್ಳುತ್ತಿದ್ದಳು.

ಕ್ಯಾಂಪಿನ ದಿನ ಸಂಜೆಯೇ ಅವಳು ಆ ಪಟ್ಟಿ ಹರಿದು ಸೊಂಟಕ್ಕೆ ಕಟ್ಟಿಕೊಂಡು ಬಂದಿದ್ದಳು. ಅದು ಮಗಳಿಗೆ ತಿಳಿದದ್ದು ಸಾಯುವ ಹದಿನೈದು ದಿನ ಮುಂಚೆ. ಅಂದು ಬಾತ ಕಾಲುಗಳನ್ನು ಚಾಚಿ ಕುಳಿತು ಅವಳು ಲೆಕ್ಕ ಒಪ್ಪಿಸುವವಳ ಹಾಗೆ ಹೇಳಿದಳು.

"ಆ ಡಾಕ್ಟರ ನನ್ನ ಮಣ್ಣಿಗೆ ಮಾಲಿ ಹಿಡಕೊಂಡು ಬಂದs ಬರ್ತಾನ. ಯಾರ ಮಣ್ಣೂ ತಪ್ಪಸಂಗಿಲ್ಲ. ಬಂದು ಕುಂಡರಲಿ. ಎದ್ದು ಹೋಗಾಕ ಬರದಂಗ ಕುಂತಾಗ ಬಸವಣ್ಣೆವ್ವನ ಕರಿ. ಆಕಿಗೆ ತೋರಸು."

"ಅಣ್ಣನ ನೌಕರಿ ಹೋಗತೈತಿ ಅವ್ವ."

"ನಾಕು ವರ್ಷ ಕೊಟ್ಟೀನಿ ಅವಗ. ಸಾಕು."

* * *

ಕಾಯುವಂತೆ ತಾಯಿ ಹೇಳಿದ್ದಳು. ರೇಣುಕವ್ವನಿಗೆ ಕಾಯುವ ಧೈರ್ಯವಾಗಲಿಲ್ಲ. ಬಸವಣ್ಣೆವ್ವ ಒಲ್ಲೆ ಅಂದುಬಿಟ್ಟರೆ? ಡಾಕ್ಟರು ಬೇಗ ಎದ್ದುಬಿಟ್ಟರೆ? ಅಣ್ಣ ತನ್ನ ಸೊಂಟಕ್ಕೇ ಕೈ ಹಾಕಿದರೆ? ಇಷ್ಟು ಜನ ಮತ್ತೊಮ್ಮೆ ತಮ್ಮ ಅಂಗಳದಲ್ಲಿ ಸೇರುವುದಿಲ್ಲ. ಅವಳು ಓಣಿ ದಾಟಿ ಎದುರುಮನೆ ಹೊಕ್ಕಳು.

ಬಸವಣ್ಣೆವ್ವ ರೊಟ್ಟಿ ಬಡಿಯುತ್ತಿದ್ದಳು. ಓಣಿಯಲ್ಲಿ ಹೆಣವಿದ್ದಾಗ ಒಲೆ ಹಚ್ಚುವುದಿಲ್ಲ. ಆಕೆ ಬೇಕೆಂದೇ ಹಚ್ಚಿದ್ದಳು. ಹೊಗೆ ಎದುರಿನ ಚಪ್ಪರಕ್ಕೆ ಕಾಣಲಿ ಎಂದು ಬಾಗಿಲನ್ನೂ ತೆರೆದಿಟ್ಟಿದ್ದಳು.

"ನನಗ ಓದಾಕ ಬರಂಗಿಲ್ಲ" ಅಂದಳು, ಸುರುಳಿಯ ಕಡೆ ನೋಡದೆ.

"ಓದೂದಲ್ಲ ಚಿಗವ್ವಾ. ನೋಡೂದು."

ರೇಣುಕವ್ವ ನೆಲದ ಮೇಲೆ ಪಟ್ಟಿ ಬಿಚ್ಚಿದಳು. ಗುಡ್ಡ ತೋರಿಸಿದಳು, ಆಮೇಲೆ ಸಪಾಟ. ಅವ್ವ ಹೇಳುತ್ತಿದ್ದ ಮಾತನ್ನು ಹೇಳಿದಳು. ಕೊನೆಗೆ ನಾಲ್ಕು ಸಹಿಗಳ ಮೇಲೆ ಬೆರಳಿಟ್ಟಳು. ರೊಟ್ಟಿಯ ಸದ್ದು ನಿಂತಿತು. ಬಸವಣ್ಣೆವ್ವ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಸಮೀಪ ಸರಿದಳು. ಆ ಬಾಲವನ್ನು ಅವಳು ಗುರುತಿಸಿದಳು. ಮಗಳ ಔಷಧದ ಚೀಟಿಗಳನ್ನು ಇನ್ನೂ ಗೂಡಿನಲ್ಲಿ ಇಟ್ಟಿದ್ದಳು.

"ನಮ್ಮ ಶಾರದಾಂದು ಯಾವುದು?"

"ಇಪ್ಪತ್ತಮೂರನೇದಾಕಿ. ಮೂರನೇ ಸುತ್ತಿನ್ಯಾಗ ಏಳನೇ ಡಬ್ಬಿ. ಅವ್ವಗ ಸಾಯೂತನಕಾ ನೆನಪಿತ್ತು."

ಬಸವಣ್ಣೆವ್ವ ಏಳರ ಅಂಕಿಯ ಮೇಲೆ ಬೆರಳಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ಹಂಚಿನ ಮೇಲೆ ರೊಟ್ಟಿ ಸೀದು ವಾಸನೆ ಬಂತು.

"ಇದು ನಾಕು ವರ್ಷ ನಿಮ್ಮ ಮನ್ಯಾಗಿತ್ತು?"

"ಹೌದ್ ಚಿಗವ್ವಾ."

"ನಾ ಬೈದದ್ದೆಲ್ಲಾ ಕೇಳಿಕೋತ ಕುಂತಿದ್ಲು?"

"ಅಣ್ಣನ ನೌಕರಿ..."

"ನನ್ನ ಮಗಳ ಬಾಯಿಗೆ ಮಣ್ಣ ಬಿತ್ತು. ಆಕಿ ಮಗನ ಬಾಯಿಗೆ ತುತ್ತು ಬಿತ್ತು." ಬಸವಣ್ಣೆವ್ವನ ದನಿ ಏರಲಿಲ್ಲ. ಅವಳು ಪಟ್ಟಿಯನ್ನು ಸುತ್ತಿ ಮಡಿಲಿಗೆ ಹಾಕಿಕೊಂಡಳು. "ಹೋಗವ್ವ. ಇದು ನನ್ನ ಕಡೆ ಇರಲಿ. ಬರ್ತೀನೋ ಇಲ್ಲೋ ಹೇಳಂಗಿಲ್ಲ. ಬಂದ್ರ ಯಾರ ಮ್ಯಾಲ ಹಾಡ್ತೀನೋ ಅದನ್ನೂ ಹೇಳಂಗಿಲ್ಲ."

* * *

ಹನ್ನೊಂದರ ಹೊತ್ತಿಗೆ ಜೀಪು ಬಂದು ಓಣಿಯ ಬಾಯಲ್ಲಿ ನಿಂತಿತು. ಮಡಿವಾಳೆಪ್ಪ ಡಾಕ್ಟರು ಕೆಸರು ಆಯ್ದು ದಾಟುತ್ತ ಬಂದರು. ಹಿಂದೆ ಸೇವಂತಿಗೆ ಮಾಲೆ ಹಿಡಿದ ಕಂಪೌಂಡರ್ ಗುಲಾಮಹುಸೇನ. ಡಾಕ್ಟರು ಮಾಲೆ ಹಾಕಿ ಕೈ ಮುಗಿದರು. ಯಾರೋ ಚಪ್ಪರದ ಅಂಚಿಗೆ ಕುರ್ಚಿ ಹಾಕಿದರು.

ಅವರು ಗಂಡಸರ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು. "ಒಳ್ಳೆ ಹೆಣ್ಣಮಗಳು. ಒಂದು ಸಲ ಕೈ ತಪ್ಪಾತು. ಅದನ್ನ ನಾವೆಲ್ಲಾ ಮರತೇವಿ."

ಗಂಡಸರು ಗೋಣು ಹಾಕಿದರು. ಲಕ್ಷ್ಮಣಪ್ಪನೂ ಹಾಕಿದ. ರೇಣುಕವ್ವ ತಾಯಿಯ ಮುಖ ನೋಡಿದಳು, ಆಮೇಲೆ ಎದುರುಮನೆಯ ಬಾಗಿಲು. ಹೊಗೆ ನಿಂತಿತ್ತು. ಬಾಗಿಲು ಮುಚ್ಚಿತ್ತು.

ಬಿದಿರ ಸಿದಿಗೆ ಕಟ್ಟಿ ಹೆಣವನ್ನು ಅದರ ಮೇಲೆ ಮಲಗಿಸಿದರು. ಹಿರಿಯರೊಬ್ಬರು, ಮೋಡ ಕಟ್ಟುತ್ತಿದೆ, ಇನ್ನು ಎತ್ತೋಣ ಅಂದರು. ಲಕ್ಷ್ಮಣಪ್ಪ ಮಿಂದು ಒದ್ದೆ ಧೋತರ ಉಟ್ಟು ಬಂದ. ಜೇಬಿಲ್ಲದ್ದಕ್ಕೆ ಜೀಪಿನ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡಿದ್ದ. ನಾಲ್ವರು ಬಾಗಿ ಬಿದಿರಿಗೆ ಕೈ ಹಾಕಿದರು.

ಎದುರಿನ ಬಾಗಿಲು ತೆರೆಯಿತು.

ಬಸವಣ್ಣೆವ್ವ ಕೂದಲು ಬಿಚ್ಚಿಕೊಂಡು ಬಂದಳು. ಹೆಂಗಸರು ದಾರಿ ಬಿಟ್ಟರು. ಬಾಗಿದ್ದ ಗಂಡಸರು ನೆಟ್ಟಗಾದರು. ಅವಳು ಹೆಣದ ತಲೆದೆಸೆಯಲ್ಲಿ ಕುಳಿತು, ಸಾವಂತ್ರೆವ್ವನ ಎರಡೂ ಕೈ ಹೊರಗೆಳೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಉಗಿಯಿಂದ ಬೆಂದು ಕಲೆಯಾಗಿದ್ದ ಕೈಗಳು. ಸೇದಿಹೋಗಲಿ ಎಂದು ತಾನು ಶಪಿಸಿದ್ದ ಕೈಗಳು. ಅವನ್ನು ಮಗುಚಿ ನೋಡಿದಳು. ಆಮೇಲೆ ದನಿ ತೆಗೆದಳು.

"ಬಾಯಿದ್ದೂ ಮೂಕಿ ಆದ್ಯಲ್ಲ ನನ್ನಕ್ಕಾ,
ನಾ ಬೈದಾಗ ಬಾಗಿಲಾ ಮುಚಿಗೊಂಡ್ಯಲ್ಲ ನನ್ನಕ್ಕಾ..."

ಅಂಗಳದ ಹೆಂಗಸರೆಲ್ಲ ಒಮ್ಮೆಲೇ ಅತ್ತರು. ಬಸವಣ್ಣೆವ್ವ ಅವರಿಗೆ ಕಾಯಲಿಲ್ಲ. ಸಾವಂತ್ರೆವ್ವ ಈ ಓಣಿಗೆ ಸೊಸೆಯಾಗಿ ಬಂದದ್ದು, ಗಂಡ ಸತ್ತ ವರ್ಷ, ಸೌಟಿಗೆ ಕುದಿನೀರು ಹೊಯ್ದದ್ದು, ಎಲ್ಲವನ್ನೂ ಹಾಡಿದಳು. ಅಳುವವರ ನಡುವೆ ಒಬ್ಬಿಬ್ಬರು ನಕ್ಕರು. ಆಮೇಲೆ ರಾಗ ಬದಲಾಯಿತು. ಅವಳು ಮಡಿಲಿನಿಂದ ಕಾಗದ ತೆಗೆದು ಹೆಣದ ಎದೆಯ ಮೇಲೆ ಉದ್ದಕ್ಕೆ ಹಾಸಿದಳು.

"ಒಂದನೇ ಡಬ್ಬಿ ತಣ್ಣಗಿತ್ತ, ಸಹಿ ಬಿತ್ತ ನನ್ನಕ್ಕಾ,
ಎರಡನೇ ಡಬ್ಬಿ ತಣ್ಣಗಿತ್ತ, ಸಹಿ ಬಿತ್ತ ನನ್ನಕ್ಕಾ..."

ಡಾಕ್ಟರು ಕುರ್ಚಿಯ ಕೈ ಹಿಡಿದು ಅರ್ಧ ಎದ್ದರು. ಪಕ್ಕದ ಹಿರಿಯರು ತೊಡೆ ಮುಟ್ಟಿ ಕೂರಿಸಿದರು. ಹೆಣ ಎತ್ತುವ ಮುಂಚೆ ಸಾವಿನ ಮನೆಯಿಂದ ಯಾರೂ ಏಳುವುದಿಲ್ಲ. ಹಾಡಿ ಅಳುವವಳ ಬಾಯಿಗೆ ಯಾರೂ ಅಡ್ಡ ಬರುವುದಿಲ್ಲ. ಅವಳು ಹೇಳುವುದೆಲ್ಲ ಸತ್ತವರಿಗೆ ಹೇಳಿದ್ದು. ಇದ್ದವರಿಗೆ ಕೇಳಿಸಿದರೆ ಅದು ಅವರ ಪಾಲು.

ಮೂರು, ನಾಲ್ಕು, ಐದು. ಅಂದಿನ ಸಾಲು ನೆನೆದು, ಒಂದೊಂದು ಡಬ್ಬಿಗೂ ಓಣಿಯ ಯಾವ ಹೆಂಗಸು, ಯಾರ ಸೊಸೆ ಎಂದು ಹೆಸರು ಕಟ್ಟಿ ಹಾಡಿದಳು. ಹೆಸರು ಬಂದವರು ಅಳು ನಿಲ್ಲಿಸಿ ಒಬ್ಬೊಬ್ಬರಾಗಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು. ಏಳಕ್ಕೆ ಬಂದಾಗ ಅವಳ ದನಿ ಒಡೆಯುತ್ತದೆ ಎಂದು ರೇಣುಕವ್ವ ಕಾದಳು. ಒಡೆಯಲಿಲ್ಲ. ಅದು ಹೆಣದ ಕಡೆಗೇ ತಿರುಗಿತು.

"ಏಳನೇ ಡಬ್ಬಿ ಗೊತ್ತಿದ್ದೂ ಸೆರಗಿನಾಗ ಕಟ್ಟಿದ್ಯಲ್ಲ ನನ್ನಕ್ಕಾ,
ನನ್ನ ಮಗಳ ಕುಣಿ ಮ್ಯಾಲ ನಿನ್ನ ಮಗನ ಜೀಪು ಓಡಿಸಿದ್ಯಲ್ಲ ನನ್ನಕ್ಕಾ..."

ರೇಣುಕವ್ವನಿಗೆ ಕೆನ್ನೆಗೆ ಹೊಡೆದಂತಾಯಿತು. ಅವ್ವನ ಹೆಸರು ತೊಳೆದುಕೊಂಡು ಬರುತ್ತದೆ ಅಂದುಕೊಂಡಿದ್ದಳು. ತೊಳೆದು ಬಂತು, ಈ ಒಂದು ಕಲೆಯ ಸಮೇತ. ಅವಳು ಅಣ್ಣನ ಕಡೆ ನೋಡಿದಳು. ಒದ್ದೆ ಧೋತರದಲ್ಲಿ ಅವನು ಉಡದಾರದ ಕೀಲಿಯ ಮೇಲೆ ಕೈಯಿಟ್ಟು ನಿಂತಿದ್ದ. ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಮತ್ತೊಂದು ತಾಸು ಬಸವಣ್ಣೆವ್ವ ಹಾಡು ಬಿಡಲಿಲ್ಲ. ಮೋಡ ಸರಿದು ಬಿಸಿಲು ಬಂತು. ಡಾಕ್ಟರ ಕುರ್ಚಿಯ ಮೇಲೆ ಚಪ್ಪರದ ನೆರಳು ಇರಲಿಲ್ಲ. ಅದನ್ನು ಯಾರೂ ನೆರಳಿಗೆ ಸರಿಸಲಿಲ್ಲ. ಕೊನೆಗೆ ಬಸವಣ್ಣೆವ್ವ ಹೆಣದ ಎದೆಯ ಮೇಲಿನ ಕಾಗದ ಮಡಚಿ ಮಡಿಲಿಗೆ ಸೇರಿಸಿ, ಎತ್ತಬಹುದು ಎಂದು ಕೈ ಮಾಡಿದಳು.

ಸಿದಿಗೆ ಎದ್ದಿತು. ಮುಂದಿನ ಬಲಗಡೆಯ ಹೆಗಲು ಲಕ್ಷ್ಮಣಪ್ಪನದು. ಡಾಕ್ಟರು ಎಲ್ಲರಿಗಿಂತ ಮುಂಚೆ ಜೀಪಿನ ಹತ್ತಿರ ಹೋಗಿ ನಿಂತಿದ್ದರು. ಸಿದಿಗೆ ಜೀಪು ದಾಟುವಾಗ ಗುಲಾಮಹುಸೇನ ಬಿರುಸಾಗಿ ನಡೆದು ಲಕ್ಷ್ಮಣಪ್ಪನನ್ನು ಸೇರಿಕೊಂಡು, ಕೀಲಿ ಕೊಡಪ್ಪ, ಸಾಹೇಬರಿಗೆ ಹೋಗಬೇಕಂತ, ನಾನೇ ಹೆಂಗರ ಓಡಿಸ್ತೀನಿ ಅಂದ.

ಲಕ್ಷ್ಮಣಪ್ಪ ಹೆಜ್ಜೆ ತಪ್ಪಿಸಲಿಲ್ಲ. ಒಂದು ಕೈ ಬಿದಿರಿನ ಮೇಲಿತ್ತು. ಜೋತಾಡುತ್ತಿದ್ದ ಇನ್ನೊಂದು ಕೈಯನ್ನೂ ಮೇಲೆತ್ತಿ ಬಿದಿರಿಗೆ ಹಚ್ಚಿದ.

"ಎರಡೂ ಕೈ ತುಂಬ್ಯಾವ ಕಾಕಾ" ಅಂದ.

ಹೆಣ ಹೊತ್ತವನನ್ನು ನಡುದಾರಿಯಲ್ಲಿ ತಡೆಯುವಂತಿಲ್ಲ. ಗುಲಾಮಹುಸೇನ ಒಂದು ಗಳಿಗೆ ನಿಂತ. ಜೀಪಿನ ಕಡೆ ತಿರುಗಿ ನೋಡಿದ. ಆಮೇಲೆ ತಲೆಯ ಮೇಲೆ ಕರ್ಚೀಫು ಹಾಕಿಕೊಂಡು ಅವನೂ ಹೆಣದ ಹಿಂದೆ ನಡೆದ. ಸುಡುಗಾಡು ಊರಿನಿಂದ ಎರಡು ಮೈಲು, ಹಳ್ಳದ ಆಚೆ. ಗಂಡಸರೆಲ್ಲ ಹೊರಟುಹೋದರು. ಹೆಂಗಸರು ಓಣಿಯ ಬಾಯಿ ದಾಟುವ ರೂಢಿ ಇಲ್ಲ. ಅವರು ಅಲ್ಲೇ ನಿಂತರು.

ಡಾಕ್ಟರು ಜೀಪು ಹತ್ತಿ ಮೊದಲು ತಮ್ಮ ಜಾಗದಲ್ಲಿ ಕುಳಿತರು. ಆಮೇಲೆ ಡ್ರೈವರನ ಜಾಗಕ್ಕೆ ಸರಿದರು. ಕೀಲಿಯಿಲ್ಲದ ಜೀಪಿನ ಸ್ಟೇರಿಂಗು ಹಿಡಿದು ನೇರ ಮುಂದೆ ನೋಡಿದರು.

ಬಸವಣ್ಣೆವ್ವ ಕೆಸರಿನಲ್ಲೇ ನಡೆದು ಜೀಪಿನ ಮುಂದೆ, ಎರಡು ಗಾಲಿಗಳ ನಡುವೆ ಕುಳಿತಳು. ಹನಮವ್ವ ಅವಳ ಬಗಲಿಗೆ ಕುಳಿತಳು. ಹೊಟ್ಟೆಯ ಮೇಲಿಂದ ಕೈ ತೆಗೆಯದೆ ಉಳಿದವರೂ ಒಬ್ಬೊಬ್ಬರಾಗಿ ಬಂದು ಸುತ್ತ ಕುಳಿತರು. ರೇಣುಕವ್ವನಿಗೂ ಜಾಗ ಬಿಟ್ಟರು. ಯಾರೂ ಡಾಕ್ಟರ ಕಡೆ ನೋಡಲಿಲ್ಲ. ಬಸವಣ್ಣೆವ್ವ ಸೆರಗಿನಿಂದ ಮುಖ ಒರೆಸಿ, ಬಿಚ್ಚಿದ ಕೂದಲನ್ನು ಮುಂದೆ ಹಾಕಿಕೊಂಡು, ಈಗಷ್ಟೇ ಹೆಣ ಕಂಡವಳಂತೆ ಮೊದಲಿನಿಂದ ದನಿ ತೆಗೆದಳು.

"ನನ್ನ ಶಾರದಾ..."